ಮೂರನೆಯ ಖಾನೆಯ ದಾರ

೧೯೭೪, ಮಾರ್ಚ್ ತಿಂಗಳ ಒಂದು ಸೋಮವಾರ, ಬೆಳಗಿನ ಹತ್ತೂವರೆ. ಮುದ್ದೇಬಿಹಾಳದ ಹೆಣ್ಣುಮಕ್ಕಳ ಶಾಲೆಯ ಹೊಲಿಗೆ ಕೋಣೆ. ಹಾಜರಿದ್ದವರು: ಬಿಜಾಪುರದಿಂದ ತಪಾಸಣೆಗೆ ಬಂದ ಸಾಹೇಬರು, ನಮ್ಮ ಮುಖ್ಯೋಪಾಧ್ಯಾಯಿನಿ, ಹೊಲಿಗೆ ಶಿಕ್ಷಕಿಯಾದ ನಾನು. ಮೂರು ವರ್ಷ ಹಂಗಾಮಿಯಾಗಿ ದುಡಿದಿದ್ದೆ. ಆ ದಿನ ಸಾಹೇಬರು ಸಹಿ ಹಾಕಿದರೆ ನೌಕರಿ ಕಾಯಂ. ಹಾಕದಿದ್ದರೆ ಗಂಟು ಕಟ್ಟಿಕೊಂಡು ಇಂಡಿ ತಾಲ್ಲೂಕಿನ ತಾಂಬಾಕ್ಕೆ, ಅಪ್ಪನ ಮನೆಗೆ.

ನನಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಹುಟ್ಟಿನಿಂದ ಹಾಗೆ. ಇದನ್ನು ಯಾರಿಗಾದರೂ ಹೇಳಿದ್ದೇ ತಡ, ಅವರಿಗೆ ಹೊಳೆಯುವುದು ಒಂದೇ: ತಮ್ಮ ಸೆರಗನ್ನೋ ರುಮಾಲನ್ನೋ ಮುಂದೆ ಹಿಡಿದು "ಇದು ಯಾವ ಬಣ್ಣ ಹೇಳು" ಎನ್ನುವುದು. ಪ್ರತಿಯೊಬ್ಬರಿಗೂ ಈ ಪ್ರಶ್ನೆ ತಾವೇ ಮೊದಲು ಕಂಡುಹಿಡಿದೆವೆಂಬ ಹೆಮ್ಮೆ ಬೇರೆ. ಹಾಗಾಗಿ ಹೇಳುವುದನ್ನೇ ಬಿಟ್ಟಿದ್ದೆ. ಬಡಿಗೇರನಿಂದ ಹನ್ನೆರಡು ಖಾನೆಯ ದಾರದ ಪೆಟ್ಟಿಗೆ ಮಾಡಿಸಿದ್ದೆ. ಒಂದನೆಯದರಲ್ಲಿ ಬಿಳಿ, ಎರಡರಲ್ಲಿ ಕಪ್ಪು, ಮೂರರಲ್ಲಿ ಹಸಿರು, ಒಂಬತ್ತರಲ್ಲಿ ಕೆಂಪು. ಅಂಗಡಿಯಲ್ಲಿ ಬಣ್ಣ ಕೇಳಿ ಕೊಳ್ಳುವುದು, ಅಲ್ಲೇ ನಿಂತು ಅದರ ಖಾನೆಗೆ ಹಾಕುವುದು. ತರಬೇತಿಯ ಹಾಸ್ಟೆಲ್ಲಿನಲ್ಲಿ ಗಂಟೆಗೆ ಸರಿಯಾಗಿ ಎದ್ದು, ಉಂಡು, ಮಲಗಿ ಕಲಿತವಳಿಗೆ ಇದೇನೂ ಕಷ್ಟವಲ್ಲ. ಮೂರು ವರ್ಷದಲ್ಲಿ ಒಂದು ಎಳೆ ತಪ್ಪಿರಲಿಲ್ಲ. ಮುಂದೆ ಸಿಂದಗಿಗೆ, ಬಸವನ ಬಾಗೇವಾಡಿಗೆ ವರ್ಗವಾದಾಗಲೂ ತಪ್ಪಲಿಲ್ಲ.

ಸಾಹೇಬರು ಹಸಿರು ಲಂಗವೊಂದರ ಅಂಚು ಹೊಲಿಯಲು ಹೇಳಿದರು. ಮೂರನೆಯ ಖಾನೆಗೆ ಕೈ ಹಾಕಿದೆ. ಹೊಲಿದು ಕೊಟ್ಟೆ. ಅವರು ಎತ್ತಿ ಹಿಡಿದು ನಕ್ಕರು.

"ಏನ್ರೀ ಅಕ್ಕೋರ, ಹಸರ ಲಂಗಕ್ಕ ಕೆಂಪ ದಾರಾ? ಲಂಗದ್ದು ಮದಿವಿ ಮಾಡಾಕತ್ತೀರೇನು?"

ಮುಖ್ಯೋಪಾಧ್ಯಾಯಿನಿ ಹೆಮ್ಮೆಯಿಂದ ಮುಂದೆ ಬಂದರು. "ಪೆಟಗಿ ಛಂದ ಕಾಣ್ಲಿ ಅಂತ ಶನಿವಾರ ನಾನ ಎಲ್ಲಾ ಹೊಂದಿಸಿ ಇಟ್ಟೇನ್ರಿ ಸಾಹೇಬ್ರ. ಬಿಳಿ, ಕರಿ ಇದ್ದಲ್ಲೇ ಬಿಟ್ಟು, ಉಳಿದ ಗಾಢ ಬಣ್ಣ ಈ ಕಡೆ, ತಿಳಿ ಆ ಕಡೆ."

ಕೇಳದೆ ಇನ್ನೊಬ್ಬರ ಪೆಟ್ಟಿಗೆ ಅಂದಗೊಳಿಸುವವರ ಬಗ್ಗೆ ಅಂದಿಗೂ ಇಂದಿಗೂ ನನಗೆ ಮರ್ಯಾದೆಯಿಲ್ಲ. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ, ಇದ್ದದ್ದನ್ನು ಹೇಳಿದೆ. ಸಾಹೇಬರು ತಕ್ಷಣ ಕಿಸೆಯಿಂದ ರುಮಾಲು ತೆಗೆದರು.

"ಇದ ಯಾವ ಬಣ್ಣ?"

"ಹೊಲಸ ಆಗೇತ್ರಿ, ಹೆಂಗ ಹೇಳ್ಲಿ?"

ಅವರು ನಗಲಿಲ್ಲ. ಸರಕಾರಿ ದವಾಖಾನೆಯಿಂದ ಡಾಕ್ಟರನ್ನು ಕರೆಸಿದರು. ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತಂದರು. ಚುಕ್ಕಿಗಳ ನಡುವೆ ಅಡಗಿದ ಅಂಕಿ ಓದಬೇಕು. ಮೊದಲ ಪುಟ ಬಿಟ್ಟರೆ ಯಾವುದೂ ನನಗೆ ಕಾಣಲಿಲ್ಲ. ಅವರು ಪುಸ್ತಕ ಮುಚ್ಚಿ ಸಾಹೇಬರತ್ತ ತಿರುಗಿದರು.

"ಹೆಣ್ಣಮಕ್ಕಳಿಗೆ ಇದು ಬರಂಗಿಲ್ರಿ. ಗಂಡಸರಿಗಷ್ಟ. ಈಕಿ ಬೇಕಂತನ ನಾಟಕ ಮಾಡಾಕತ್ತಾಳ."

ಒಬ್ಬರ ಲೆಕ್ಕದಲ್ಲಿ ಕುರುಡಿ, ಇನ್ನೊಬ್ಬರ ಲೆಕ್ಕದಲ್ಲಿ ಸುಳ್ಳಿ. ನನ್ನ ಮನೆಯವರ ಕಣ್ಣು ಹೇಗಿವೆ ಎಂದು ಕೇಳಬೇಕೆನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ನಾನೇ ಹೇಳಿದೆ. ಅಪ್ಪ ಮೆಣಸಿನಕಾಯಿ ಬಿಡಿಸಲು ಹೋದರೆ ಹಣ್ಣು ಕಾಯಿ ಎಲ್ಲ ಒಂದೇ ಬುಟ್ಟಿಗೆ. ಅವ್ವನ ಅಣ್ಣನೂ ಹಾಗೆಯೇ.

"ನಿಮ್ಮವ್ವ ಯಾರ ಪೈಕಿ?" ಎಂದರು ಡಾಕ್ಟರು.

"ಅಪ್ಪನ ಖಾಸಾ ಅಕ್ಕನ ಮಗಳ್ರಿ."

ಡಾಕ್ಟರು ಬೆರಳು ಮಡಚಿ ಎಣಿಸತೊಡಗಿದರು. "ಹಂಗಾದ್ರ ಬರತೈತ್ರಿ. ತಂದಿಯಿಂದಷ್ಟ ಬಂದ್ರ ಹೆಣ್ಣಿಗೆ ತ್ರಾಸಿಲ್ಲ. ಈಕಿಗೆ ತಾಯಿ ಕಡಿಯಿಂದನೂ ಬಂದೈತಿ."

ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ಮನೆಮನೆಯ ಮಾತು. ಇಲ್ಲಿಯೇ ವರ್ಷಗಟ್ಟಲೆ ನಾಡಿ ಹಿಡಿದವರು ಅದನ್ನು ನನ್ನ ಬಾಯಿಂದ ಕೇಳಬೇಕಾಯಿತು! ಅಪ್ಪನ ತಾಯಿ, ನಮ್ಮ ಅಜ್ಜಿಯಂತೂ, ಬಸುರಿ ಅವ್ವ ಗ್ರಹಣದಲ್ಲಿ ಹೊರಗೆ ಬಂದದ್ದಕ್ಕೆ ನನಗೆ ಹೀಗಾಯಿತೆಂದು ಸಾಯುವತನಕ ಬೈದಳು. ಅಪ್ಪನಿಗೂ, ಅಪ್ಪನ ಅಕ್ಕನ ಮೂಲಕ ಅವ್ವನಿಗೂ ಇದು ಇಳಿದದ್ದು ಅದೇ ಅಜ್ಜಿಯಿಂದ.

"ಅಂದ್ರ ಖರೇನ ಕಾಣಂಗಿಲ್ಲ," ಎಂದರು ಸಾಹೇಬರು. "ಕಾಯಂ ಹೆಂಗ ಮಾಡ್ಲಿ?"

"ದಾರ ಮೊದಲ ಇದ್ದಂಗ ಇಡಸ್ರಿ. ನೀವು ಹೇಳಿದ ಬಣ್ಣದಾಗ ಹೊಲೀತೇನಿ. ಒಂದ್ ತಪ್ಪಿದ್ರೂ ರಾಜೀನಾಮಿ ಈಗಿಂದೀಗ ಬರಕೊಡ್ತೇನಿ."

ನಾನು ಖಾನೆಯ ಸಂಖ್ಯೆ, ಬಣ್ಣ ಕೂಗಿದಂತೆ ಮುಖ್ಯೋಪಾಧ್ಯಾಯಿನಿ ಒಂದೊಂದೇ ಉಂಡೆ ಇಟ್ಟರು. ಸಾಹೇಬರು ಆರು ಬಣ್ಣ ಹೇಳಿದರು. ಆರು ತುಂಡು ಬಟ್ಟೆಯ ಮೇಲೆ ಆರು ಸಾಲು ಹೊಲಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬಣ್ಣದಲ್ಲಿ ತಪ್ಪು ಸಿಗದಿದ್ದಾಗ ಪಟ್ಟಿ ತರಿಸಿ ಹೊಲಿಗೆಯ ಅಂತರ ಅಳೆದರು. ಅದರಲ್ಲೂ ಸಿಗಲಿಲ್ಲ. ಸಹಿ ಹಾಕಿದರು. ಅದು ಸಾಹೇಬರ ದೊಡ್ಡ ಮನಸ್ಸು ಎಂದು ಮುಖ್ಯೋಪಾಧ್ಯಾಯಿನಿ ಬಹಳ ದಿನ ಹೇಳಿಕೊಂಡು ತಿರುಗಿದರು.

ಜೀಪು ಹೋದಾಗ ನಾಲ್ಕು ದಾಟಿತ್ತು. ಲಂಗದ ಕೆಂಪು ಹೊಲಿಗೆ ಬಿಚ್ಚಿ, ಹಸಿರಿನಲ್ಲಿ ಅಂಚು ಹೊಲಿದೆ. ಇಸ್ತ್ರಿ ಮಾಡಿ ಮಡಚಿಟ್ಟೆ. ಪೆಟ್ಟಿಗೆಗೆ ಹೊಸ ಬೀಗ ಕೊಂಡು ತಂದು ಹಾಕಿದಾಗ ಐದೂ ಮುಕ್ಕಾಲು.