ನಲವತ್ತು ಅಕ್ಷರದ ಗುರುತು

ಅಡಕತ್ತರಿ ಹುಡುಕಲು ಹೋಗಿ ನಿನ್ನೆ ಹಳೆಯ ಬಿಸ್ಕತ್ ಡಬ್ಬಿ ತೆರೆದೆ. ಕರ್ಪೂರದ ವಾಸನೆ ಹೊಡೆಯಿತು. ಅಡಕತ್ತರಿ ಇರಲಿಲ್ಲ, ಮಡಿಸಿಟ್ಟ ಒಂದು ಚೀಟಿ ಇತ್ತು. ಅದರಲ್ಲಿ ಅಂಕಿಗಳು, ನಡುನಡುವೆ ಇಂಗ್ಲಿಷ್ ಅಕ್ಷರ. ನಾಲ್ಕು ನಾಲ್ಕರ ಹತ್ತು ಗುಂಪು. ನಿಮ್ಮ ಕೈಗೆ ಸಿಕ್ಕಿದ್ದರೆ ಎಸೆಯುತ್ತಿದ್ದಿರಿ.

ನಾನು ಎರಡನೇ ಕ್ಲಾಸಿನವರೆಗೆ ಓದಿದವಳು. ಆದರೂ ವಿಜಯನಗರದಲ್ಲಿ ಮೆಟ್ರೋ ಕಂಬ ಏಳುವ ಮೊದಲೇ ನನಗೆ ಇ-ಮೇಲ್ ಇತ್ತು. ಮಹಡಿಯಲ್ಲಿ ಬಾಡಿಗೆಗಿದ್ದ ಸುವರ್ಣಾ ಟೀಚರ್, ಗದಗಿನ ಕಡೆಯವರು, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ನಾನು ಹೇಳಿದ್ದನ್ನು ಟೈಪ್ ಮಾಡಿ ಮುಂಬಯಿಯ ನನ್ನ ತಂಗಿ ಜಯಳಿಗೆ ಕಳಿಸುತ್ತಿದ್ದರು. ಅಲ್ಲಿ ಅವಳ ಸೊಸೆ ಓದಿ ಹೇಳುತ್ತಿದ್ದಳು. ಪಾಸ್‌ವರ್ಡ್ ಮರೆಯದಿರಲಿ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಸಿಟ್ಟಿದ್ದೆ. ನನ್ನಷ್ಟು ಜಾಣೆ ಆ ರಸ್ತೆಯಲ್ಲಿ ಇನ್ನೊಬ್ಬಳಿರಲಿಲ್ಲ.

ನನ್ನ ಮಗಳ ಮದುವೆಗೆ ಜಯ ಬರಲಿಲ್ಲ. ಫೋನ್ ಮಾಡಿದರೆ ಸೊಸೆ ಎತ್ತಿ, "ಅತ್ತೆ ಮಾತಾಡಲ್ಲವಂತೆ ದೊಡ್ಡತ್ತೆ. ಬರಬೇಡ ಅಂತ ನೀವೇ ಬರೆದಿದ್ರಲ್ಲ" ಎಂದಳು.

ಗಂಡನನ್ನು ಕೇಳಿದೆ. ಅವರಿಗೂ ಜಯಳಿಗೂ ಮೊದಲಿನಿಂದ ಆಗದು. ಪೇಪರಿನಿಂದ ಮುಖ ತೆಗೆಯಲಿಲ್ಲ.

"ಕ್ಯಾಲೆಂಡರ್ ನೋಡಿ ಸೈಬರ್ ಸೆಂಟರಿನಲ್ಲಿ ಬರೆಸಿದ್ರಾ?"

"ಬಂದಿದ್ರೆ ಜಗಳ ಆಡ್ತಿದ್ಲು."

ಅಂದು ಅವರ ಸಾರಿಗೆ ಉಪ್ಪು ಹಾಕಲಿಲ್ಲ.

ಬರೆದದ್ದು ನಾನಲ್ಲ ಎಂದು ಮೂರು ಮೇಲ್ ಕಳಿಸಿದೆ. ಎಂಟು ತಿಂಗಳ ಮೇಲೆ ಜಯ ಉತ್ತರ ಬರೆಸಿದಳು: ಅದೂ ನಿನ್ನ ಹೆಸರಲ್ಲೇ ಬಂತು, ಇದೂ ನಿನ್ನ ಹೆಸರಲ್ಲೇ ಬಂದಿದೆ, ಯಾವುದನ್ನು ನಂಬಲಿ? ತಪ್ಪು ಮಾತೇನಲ್ಲ.

"ಅಮ್ಮಾರ, ಡಿಜಿಟಲ್ ಸಹಿ ಹಾಕೂದೊಂದ ದಾರಿ ನೋಡ್ರಿ" ಎಂದರು ಟೀಚರ್. "ಒಂದು ಕೀಲಿ ನಿಮ್ಮ ಕಡೆ ಇರತೈತಿ, ಅದರ ಜೋಡಿ ಕೀಲಿ ಅವರಿಗೆ ಕಳಸೂದು. ನೀವು ಸಹಿ ಮಾಡಿದ್ದಾದರ ಅದು ಹೌದು ಅಂತೈತಿ. ನಡುವ ಯಾರರ ಒಂದಕ್ಷರ ತಿದ್ದಿದ್ರೂ ಅಲ್ಲ ಅಂತೈತಿ."

ಕೀಲಿ ಹುಟ್ಟಬೇಕಾದರೆ ಕಂಪ್ಯೂಟರಿಗೆ ಗೊತ್ತುಗುರಿಯಿಲ್ಲದ ಅಲುಗಾಟ ಬೇಕಂತೆ. ಮೌಸನ್ನು ಹೇಗೆ ಬೇಕಾದರೂ ಆಡಿಸಿ ಎಂದರು. ದೋಸೆ ಕಾವಲಿ ಉಜ್ಜಿದ ಹಾಗೆ ಉಜ್ಜಿದೆ. "ಸಾಕ್ರೀ, ಮುರದೀತು!" ಆಮೇಲೆ ಅದು ಒಂದು ಗುಟ್ಟಿನ ಮಾತು ಕೇಳಿತು. ಟೀಚರ್ ಅತ್ತ ತಿರುಗಿ ಕೂತರು. ಒಂದೊಂದೇ ಅಂಕಿ ಹುಡುಕಿ ನಾನೇ ಒತ್ತಿದೆ. ಏನೆಂದು ನಿಮಗೂ ಹೇಳುವುದಿಲ್ಲ. ಕ್ಯಾಲೆಂಡರಿನಲ್ಲೂ ಬರೆಯಲಿಲ್ಲ.

"ಇನ್ನ ಈ ಕೀಲಿ ನಿಮ್ಮದ ಅಂತ ಅವರಿಗೆ ಖಾತ್ರಿ ಆಗಬೇಕಲ್ರಿ? ಫೋನಿನಾಗ ಇದರ ಗುರುತು, ಈ ನಲವತ್ತು ಅಕ್ಷರ, ನೀವ ಓದಬೇಕು. ನಿಮ್ಮ ದನಿ ಬಲ್ಲವರ ಕೇಳಬೇಕು. ಸೊಸಿ ನಡಿಯೂದಿಲ್ಲ" ಎಂದು ಟೀಚರ್ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಅಂಕಿ ನನಗೆ ಬರುತ್ತಿತ್ತು. ಅಕ್ಷರಗಳು ಎ ಇಂದ ಎಫ್ ವರೆಗೆ ಆರೇ. ಎರಡು ದಿನ ಕೂತು ಕಲಿತೆ. ನನಗೆ ಬರುವ ಇಂಗ್ಲಿಷ್ ಇವತ್ತಿಗೂ ಅಷ್ಟೇ.

ಜಯ ಫೋನಿಗೆ ಬಂದಳು. ಹಲೋ ಎನ್ನಲಿಲ್ಲ. "ಓದು" ಎಂದಳು, ಪೊಲೀಸಿನವಳ ಹಾಗೆ. ನಾವು ಕಳಿಸಿದ್ದ ಜೋಡಿ ಕೀಲಿಯಿಂದ ಸೊಸೆ ತೆಗೆದುಕೊಟ್ಟ ಅದೇ ನಲವತ್ತು ಅಕ್ಷರ ಅವಳ ಮುಂದೆಯೂ ಇದ್ದವು. ಒಂದು ಗುಂಪು ಓದಿದೆ. "ಹೂಂ." ಇನ್ನೊಂದು. "ಹೂಂ." ಹತ್ತೂ ಮುಗಿದವು.

"ಎಲ್ಲಾ ಸರಿಯಾಗಿದೆ" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಹಾಗಾದ್ರೆ ಮದುವೆಗೆ ಬರಬೇಡ ಅಂದೋಳು ನೀನಲ್ವಾ ಅಕ್ಕ?"

"ಅಲ್ಲ ಕಣೇ ಮೂದೇವಿ."

"ಕೊನೇದು ಕೇಳಿಸ್ಲಿಲ್ಲ. ಮೊದಲಿಂದ ಓದು."

ಅವಳಿಗೆ ಕೇಳಿಸಿತ್ತು. ಓದಿದೆ.

ಈಗ ಜಯಳಿಗೆ ಮರೆವು. ಹೋದ ವಾರ ಫೋನಿನಲ್ಲಿ "ಯಾರಮ್ಮ ನೀವು?" ಎಂದಳು. ಇಟ್ಟುಬಿಟ್ಟೆ. ಇನ್ನು ಮಾಡುವುದೇ ಬೇಡ ಅಂದುಕೊಂಡಿದ್ದೆ.

ನಿನ್ನೆ ಚೀಟಿ ಹಿಡಿದುಕೊಂಡು ಮತ್ತೆ ಮಾಡಿದೆ. ಸೊಸೆ ಅವಳ ಕಿವಿಗೆ ಫೋನ್ ಹಿಡಿದಳು. ನಾನು ಹೆಸರು ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಮೊದಲ ಗುಂಪು ಓದಿದೆ. ಆ ಕಡೆ ಉಸಿರು ಮಾತ್ರ. ಎರಡನೆಯದು ಓದಿದೆ.

"ಹೂಂ" ಎಂದಳು.

ಉಳಿದ ಎಂಟನ್ನು ಅವಸರ ಮಾಡದೆ ಓದಿದೆ. ಚೀಟಿ ಈಗ ಡಬ್ಬಿಯಲ್ಲಿಲ್ಲ, ಫೋನಿನ ಪಕ್ಕದಲ್ಲಿದೆ.