ನೀರಿನಲ್ಲಿ ತೂಗಿದ ಬಂಗಾರ

ಪತ್ತಾರ ಕಾಕಾ ಅವರ ಬಲಗೈಯ ಎರಡು ಬೆರಳು ಸದಾ ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಅವರ ಬಂಗಾರದ ಕೆಲಸದ ಅಂಗಡಿ. ಅದರ ಮಾಳಿಗೆಯಲ್ಲಿ ಬಾಡಿಗೆಗಿದ್ದವಳು ನಾನು, ಹೈಸ್ಕೂಲಿನ ವಿಜ್ಞಾನದ ಶಿಕ್ಷಕಿ. ಸಂಜೆಯ ಚಹಾ ಅವರ ಅಂಗಡಿಯಲ್ಲೇ ಆಗುತ್ತಿತ್ತು. ಆ ಮನುಷ್ಯನಿಗೆ ತನ್ನ ಕಸುಬಿನ ಜಂಬ ಬಹಳ. ಆ ಜಂಬ ನನಗೆ ಸೇರುತ್ತಿತ್ತು.

ಯಾರಾದರೂ ಒಡವೆ ತಂದು ಖರೆಯೋ ಖೋಟಾನೋ ಎಂದು ಕೇಳಿದರೆ ಮೊದಲು ಹಾಗೇ ತೂಗುವರು, ಆಮೇಲೆ ದಾರ ಕಟ್ಟಿ ಲೋಟದ ನೀರಲ್ಲಿ ಇಳಿಬಿಟ್ಟು ತೂಗುವರು. ಹತ್ತೊಂಬತ್ತು ಗ್ರಾಂ ಚೊಕ್ಕ ಬಂಗಾರ ನೀರಲ್ಲಿ ಒಂದೇ ಗ್ರಾಂ ಹಗುರಾಗುತ್ತದೆ. ಅಷ್ಟೇ ತೂಕದ ಬೆಳ್ಳಿಯಾದರೆ ಎರಡಕ್ಕೆ ಹತ್ತಿರ, ತಾಮ್ರವಾದರೆ ಎರಡನ್ನೂ ದಾಟುತ್ತದೆ. ಒಮ್ಮೆ ಒಂದೇ ಅಳತೆಯ ಸೀಸದ ಗುಂಡನ್ನೂ ಬಂಗಾರದ ಗುಂಡನ್ನೂ ನನ್ನ ಎರಡು ಅಂಗೈಯಲ್ಲಿಟ್ಟರು. ಭಾರ ಎಂದರೆ ಸೀಸ ಎನ್ನುವವಳು ನಾನು. ಬಂಗಾರದ ಕೈ ಜಗ್ಗಿ ಕೆಳಗಿಳಿಯಿತು. ಹದಿನೈದು ವರ್ಷ ಬಾಯಿಪಾಠದಂತೆ ಕಲಿಸಿದ ಸಾಂದ್ರತೆ ಅವತ್ತು ಮೈಗೆ ಹತ್ತಿತು. "ಮಂದಿ ಏನರ ಹೇಳ್ಲಿ, ನೀರಿಗೆ ಸುಳ್ಳು ಬರೂದಿಲ್ರಿ ಮೇಡಂ" ಎನ್ನುತ್ತಿದ್ದರು.

ನಮ್ಮ ಓಣಿಯಲ್ಲಿ ಹೂ ಮಾರುವ ಹೆಂಗಸು ಒಂದು ಸಂಜೆ ಸೆರಗಿನ ಗಂಟು ಬಿಚ್ಚಿ ಬಂಗಾರದ ಬಿಸ್ಕತ್ತು ಇಟ್ಟಳು. ಸುಳ್ಳ ಎಂಬ ಊರಿನ ತವರುಮನೆಯಲ್ಲಿ ಅವಳ ಪಾಲಿನ ಬದಲಿಗೆ ಅಣ್ಣ ಕೊಟ್ಟದ್ದು. ಇದು ಖರೆಯಾಗಿದ್ದರೆ ಮನೆಯ ಪಾಲು ಬಿಟ್ಟುಕೊಟ್ಟು ಸಹಿ ಮಾಡುವವಳಿದ್ದಳು. ಮಗಳ ಲಗ್ನಕ್ಕೆ ಅವಳ ಹತ್ತಿರ ಬೇರೇನೂ ಇರಲಿಲ್ಲ. ಕಾಕಾ ಒರೆಗಲ್ಲಿಗೆ ತಿಕ್ಕಿದರು, ನೀರಲ್ಲಿ ತೂಗಿದರು. ಒಂದು ಸಲ ಕತ್ತರಿಸಿ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಒಡವೆ ಮಾಡುವ ದಿನದತನಕ ತವರಿನ ಬಂಗಾರಕ್ಕೆ ಗಾಯ ಮಾಡಬಾರದೆಂಬುದು ಅವರ ಅಪ್ಪನ ಕಾಲದಿಂದ ಬಂದ ನೇಮ. ತೂಕವನ್ನು ನೀರಲ್ಲಿ ಕಡಿಮೆಯಾದ ತೂಕದಿಂದ ಭಾಗಾಕಾರ ಮಾಡಿದವಳು ನಾನೇ. ಹತ್ತೊಂಬತ್ತು ಪಾಯಿಂಟ್ ಮೂರು, ಬರೋಬ್ಬರಿ ಬಂಗಾರದ ಸಾಂದ್ರತೆ, ಎಂದೆ.

"ಚೊಕ್ಕ ಐತಿ. ಸಹಿ ಮಾಡವಾ" ಎಂದರು ಕಾಕಾ.

ಎರಡು ತಿಂಗಳ ಮೇಲೆ, ಮಗಳ ಸರ ಮಾಡಲು ಒಳ್ಳೆಯ ದಿನ ನೋಡಿ, ಅವಳ ಎದುರಿಗೇ ಬಿಸ್ಕತ್ತನ್ನು ಕತ್ತರಿಸಹೋದರು. ಉಳಿ ಜಾರಿತು. ಹಳದಿ ತೊಗಟೆಯ ಕೆಳಗೆ ಬೂದಿ ಬಣ್ಣದ ಗಟ್ಟಿ ಲೋಹ. ಆಕೆ ಅಳಲೂ ಇಲ್ಲ, ಹೂವಿನ ಬುಟ್ಟಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತಳು. ಅಣ್ಣನನ್ನು ಕೇಳಿದರೆ, ತೋರಿಸಿಕೊಂಡೇ ಸಹಿ ಮಾಡಿದ್ದೀಯಲ್ಲ ಎಂದನಂತೆ. ಕಾಕಾ ಸುಳ್ಳಕ್ಕೆ ಹೋಗಿ ಅವನ ಅಂಗಳದಲ್ಲಿ ಕೈಮುಗಿದು ನಿಂತರು. ಅವನು ಹೊರಗೇ ಬರಲಿಲ್ಲ.

ಆಮೇಲೆ ದಿನವಿಡೀ ಆ ತುಂಡನ್ನೇ ನೀರಿಗಿಳಿಸುವುದು, ಎತ್ತುವುದು. "ನೀರು ಈಗೂ ಬಂಗಾರನ ಅಂತೈತ್ರಿ ಮೇಡಂ" ಎಂದರು. ಅವರ ಮುಖ ನೋಡಲಾಗಲಿಲ್ಲ. ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಅದು ಟಂಗ್‌ಸ್ಟನ್, ಹಳೆಯ ಬಲ್ಬಿನ ತಂತಿಯ ಲೋಹ. ಬಂಗಾರಕ್ಕೂ ಅದಕ್ಕೂ ಹೆಚ್ಚುಕಡಿಮೆ ಒಂದೇ ಸಾಂದ್ರತೆ. ನಮ್ಮ ಪ್ರಯೋಗಾಲಯದ ಗೋಡೆಯ ಪಟ್ಟಿಯಲ್ಲಿ ಎರಡೂ ಒಂದರ ಕೆಳಗೊಂದು ಇವೆ.

"ನಿಮಗ ಗೊತ್ತಿತ್ತು?"

"ಗೊತ್ತಿತ್ರಿ ಕಾಕಾ. ಅವತ್ತು ನೆನಪಾಗ್ಲಿಲ್ಲ."

ವರ್ಷಾವರ್ಷಾ ಮಕ್ಕಳಿಗೆ ಆ ಪಟ್ಟಿ ಓದಿಸಿದವಳು ನಾನು. ಥೂ, ನನ್ನ ಓದಿಗಿಷ್ಟು. ಬೈದರೆ ಬೈಸಿಕೊಳ್ಳಲು ತಯಾರಾಗಿ ನಿಂತಿದ್ದೆ. ಅವರು ಆ ತುಂಡನ್ನು ನೀರಿನಿಂದ ಎತ್ತಿ ಒರೆಸಿಟ್ಟು, "ಇದನ್ನ ಯಾರ ಮುಂದನೂ ಅನಬ್ಯಾಡ್ರಿ. ನೀವು ಹುಡುಗರಿಗೆ ಕಲಿಸಾವ್ರು. ನನ್ನ ಹೆಸರು ಹೆಂಗೂ ಹೋಗೇತಿ" ಎಂದರು. ಅಲ್ಲಿಂದ ಮುಂದೆ ಯಾರ ಒಡವೆಯನ್ನೂ ಪರೀಕ್ಷಿಸಲಿಲ್ಲ. ಓಣಿಯವರು ಕಣ್ಣು ಮಂಜಾಗಿದೆ, ವಯಸ್ಸಾಯಿತು ಎಂದು ಆಡಿಕೊಂಡರು. ಕಾಕಾ ತಲೆ ಬಗ್ಗಿಸಿ ಕೇಳಿಸಿಕೊಂಡರು, ನಾನೂ ಪಕ್ಕದಲ್ಲೇ ಕುಳಿತು ಚಹಾ ಕುಡಿದೆ.

ಹೋದ ವರ್ಷ ಕಾಕಾ ತೀರಿಕೊಂಡರು. ಹೂವಿನಾಕೆ ಬಂದಿದ್ದಳು, ಮಗಳ ಲಗ್ನ ಇನ್ನೂ ಆಗಿರಲಿಲ್ಲ. ನನ್ನ ಮಗ್ಗುಲಲ್ಲಿ ಕುಳಿತು ಮೆಲ್ಲಗೆ ಅಂದಳು: "ಸಿಟ್ಟಿಲ್ರಿ ಮೇಡಂ. ಇವರಿಗೇ ತಿಳೀಲಿಲ್ಲ ಅಂದ್ರ ಮತ್ಯಾರಿಗೆ ತಿಳೀತಿತ್ತು, ಹೇಳ್ರಿ?"

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕಣ್ಣು ತಪ್ಪಿಸಿ ಕಾಕಾ ಅವರ ಬಲಗೈಯ ಆ ಎರಡು ಬೆರಳು ನೋಡಿದೆ.