ಅತಿಥಿಯ ಪಾಲಿನ ಅರ್ಧ ಹೊಲ

ಗುಜರಾತಿ ಸೀಮೆಯ ಮಂಜಲ್‌ಪುರದಲ್ಲಿ ಹೊಸಮನಿ ಸರ್ ಮನೆಯ ಬಟ್ಟೆ ಹಗ್ಗದ ಮೇಲೆ ಬನಿಯನ್ನಿನ ಪಕ್ಕ ಒದ್ದೆ ಗೋಣಿಚೀಲದ ಸುರುಳಿಗಳು ಯಾವಾಗಲೂ ತೂಗುತ್ತಿದ್ದವು. ಒಳಗೆ ಸೋಯಾ ಅವರೆ ಬೀಜ, ಮೊಳಕೆ ಬರುತ್ತದೋ ಇಲ್ಲವೋ ನೋಡಲಿಕ್ಕೆ. "ಇವತ್ತು ಮನೇಲಿ ಉಸಳಿನಾ ಸರ್?" ಎಂದು ನಾನು ಕೆಣಕಿದರೆ, "ಉಸಳಿ ಅಲ್ಲ ತಂಗಿ, ಪರೀಕ್ಷಾ. ಸತ್ತ ಬೀಜ ಬಿತ್ತಿಸಿ ರೈತನ ಬಾಯಾಗ ಮಣ್ಣ ಹಾಕೂದಲ್ಲ" ಎನ್ನುತ್ತಿದ್ದರು.

ಅವರು ಧಾರವಾಡದವರು, ನಾನು ಮೈಸೂರಿನವಳು, ಸೋಯಾ ಯೋಜನೆಯಲ್ಲಿ ಅವರ ಕೈಕೆಳಗಿನ ಸಹಾಯಕಿ. ಪ್ರಯೋಗ ಆಗಬೇಕಾದ್ದು ನಮ್ಮ ಸಂಶೋಧನಾ ಕೇಂದ್ರದ ಬೇಲಿಯೊಳಗಲ್ಲ, ರೈತನ ಹೊಲದಲ್ಲೇ ಎಂಬುದು ಅವರ ಹಟ. ಅರ್ಧ ಹೊಲದಲ್ಲಿ ರೈತನ ರೂಢಿಯಂತೆ ಚೆಲ್ಲುಬಿತ್ತನೆ. ಇನ್ನರ್ಧ ನಮ್ಮ ರೀತಿ: ಬೆಲ್ಲದ ನೀರಿನಲ್ಲಿ ಕಲಸಿದ ಜೀವಾಣು ಗೊಬ್ಬರವನ್ನು ಬೀಜಕ್ಕೆ ಲೇಪಿಸಿ ಸಾಲುಬಿತ್ತನೆ. ಮಿಕ್ಕಿದ್ದೆಲ್ಲ ಎರಡೂ ಕಡೆ ಒಂದೇ ಇರಬೇಕು.

ತೊಂಬತ್ತರ ದಶಕದ ಆ ಮಳೆಗಾಲದಲ್ಲಿ ಅಹಮದಾಬಾದಿನ ಮೇಲಧಿಕಾರಿಗಳು ಖಡಾಖಂಡಿತ ಹೇಳಿದ್ದರು, ಈ ಸಲ ಇಳುವರಿ ಹೆಚ್ಚಿದ್ದು ತೋರಿಸದಿದ್ದರೆ ಯೋಜನೆಗೆ ಬೀಗ ಎಂದು. ದಾಹೋದ್ ಕಡೆಯ ರೈತ ರಾಮ್‌ಸಿಂಗ್‌ಭಾಯಿಯ ಹೊಲದಲ್ಲಿ ನಮ್ಮ ಅರ್ಧ ಕಣ್ಣು ಕುಕ್ಕುವ ಹಾಗೆ ಬೆಳೆದಿತ್ತು. ನಾನು ಕುಣಿಯುವುದೊಂದು ಬಾಕಿ! ಸರ್ ಎಂದಿನಂತೆ ಚಪ್ಪಲಿ ಬಿಟ್ಟು ಹೊಲಕ್ಕಿಳಿದು ಮಣ್ಣು ಕೆದರಿದರು, ಮೂಸಿದರು. "ಇಲ್ಲಿ ತಿಪ್ಪೆಗೊಬ್ಬರ ಹಾಕಿದ್ದೀಯಾ ಭಾಯ್?" ಎಂದು ಹರಕು ಹಿಂದಿಯಲ್ಲಿ ಕೇಳಿದರು.

ಆತ ಹೆಮ್ಮೆಯಿಂದ ನಕ್ಕ. "ಮನೆಯ ತಿಪ್ಪೆಯೆಲ್ಲ ನಿಮ್ಮ ಕಡೆಗೇ ಹಾಕಿದೆ ಸಾಹೇಬ್. ನೀವು ಮೆಹಮಾನ್! ಅತಿಥಿಯ ರೊಟ್ಟಿಗೆ ತುಪ್ಪ ಹಾಕದೆ ಇರ್ತೀವಾ?"

ಸರ್ ಬದುವಿನ ಮೇಲೆ ಕೂತುಬಿಟ್ಟರು; ಬೆಳೆ ಹೆಚ್ಚಿದ್ದು ತಿಪ್ಪೆಯಿಂದಲೋ ನಮ್ಮ ರೀತಿಯಿಂದಲೋ ಇನ್ನು ಹೇಳುವಂತಿರಲಿಲ್ಲ. ನನಗೆ ಅಳುವೇ ಬಂತು. "ಸರ್, ನಾಳೆ ಅಹಮದಾಬಾದಿನಿಂದ ಬೆಳೆ ನೋಡೋಕೆ ಬರೋರಿಗೆ ಏನು ಗೊತ್ತಾಗತ್ತೆ? ಸುಮ್ನಿದ್ಬಿಡಿ."

"ಅವರಿಗೆ ಗೊತ್ತಾಗಂಗಿಲ್ಲ ತಂಗಿ. ನಮ್ಮ ಮಾತ ನಂಬಿ, ಗೊಬ್ಬರ ಇಲ್ಲದ ರೈತ ಬಿತ್ತತಾನಲ್ಲ, ಅವಗ ಗೊತ್ತಾಕ್ಕೈತಿ."

ಮರುದಿನ ತಾವೇ ಬಾಯಿಬಿಟ್ಟು ಎಲ್ಲ ಹೇಳಿದರು. ಬಂದವರು ಮುಖ ಗಂಟಿಕ್ಕಿಕೊಂಡು ಹೊರಟುಹೋದರು. ನಮ್ಮ ಸರ್ ಬಿಡುವ ಆಸಾಮಿಯೇ? ರೈಲು ಹತ್ತಿ ಅಹಮದಾಬಾದಿಗೆ ಹೋಗಿ, ಕಚೇರಿ ಬಾಗಿಲಲ್ಲಿ ಕೂತು, ಇನ್ನೊಂದು ಮಳೆಗಾಲ ಕೇಳಿ ಪಡೆದೇ ಬಂದರು. ರಾಮ್‌ಸಿಂಗ್‌ಭಾಯಿಗೆ ಬೈಯಲಿಲ್ಲ. "ಒಬ್ಬ ಮಗನಿಗೆ ತುಪ್ಪ, ಇನ್ನೊಬ್ಬನಿಗೆ ಒಣ ರೊಟ್ಟಿ ಕೊಟ್ಟು ಕುಸ್ತಿಗೆ ಬಿಟ್ಟರೆ ಅದು ಕುಸ್ತಿಯೇ ಭಾಯ್?" ಎಂದರು ಅಷ್ಟೆ. ಆತ ಕಿವಿ ಹಿಡಿದುಕೊಂಡ.

ಮುಂದಿನ ವರ್ಷ ಎರಡೂ ಕಡೆ ಒಂದೇ ಗೊಬ್ಬರ. ನಮ್ಮ ಕಡೆ ಬೆಳೆ ಹೆಚ್ಚೇ ಬಂತು, ಆದರೆ ಸ್ವಲ್ಪ. "ಸಣ್ಣದಾದ್ರೂ ಖರೇದು!" ಎಂದು ಸರ್ ಹಿಗ್ಗಿದ ಹಾಗೆ ಯಾರೂ ಹಿಗ್ಗಿದ್ದನ್ನು ನಾನು ಕಂಡಿಲ್ಲ. ಯೋಜನೆ ಉಳಿಯಿತು. ಸುತ್ತಲಿನ ರೈತರೂ ಒಬ್ಬೊಬ್ಬರಾಗಿ ಸಾಲುಬಿತ್ತನೆಗೆ ಬಂದರು.

ನಿವೃತ್ತರಾಗಿ ಧಾರವಾಡಕ್ಕೆ ಹೋದ ಸರ್ ಬಹಳ ಕಾಲ ಬದುಕಲಿಲ್ಲ. ಸುದ್ದಿ ಹೇಳಲೆಂದೇ ನಾನು ರಾಮ್‌ಸಿಂಗ್‌ಭಾಯಿಯ ಊರಿಗೆ ಹೋದೆ. ಹೊಲವೆಲ್ಲ ಸಾಲುಸಾಲು ಸೋಯಾ. ಅಂಚಿನ ಒಂದು ಪಟ್ಟಿಯಲ್ಲಿ ಮಾತ್ರ ಹಳೆಯ ಚೆಲ್ಲುಬಿತ್ತನೆ. "ಇದ್ಯಾಕೆ?" ಎಂದೆ.

"ಯಾವುದರ ಜೊತೆ ಹೋಲಿಸಿದೆ ಅಂತ ಸಾಹೇಬ್ ಬಂದರೆ ಕೇಳ್ತಾರಲ್ಲ ಬೆಹೆನ್! ಎರಡಕ್ಕೂ ಒಂದೇ ಗೊಬ್ಬರ ಹಾಕಿದ್ದೀನಿ, ಹೇಳಿ ಅವರಿಗೆ."

ಹೇಳಬೇಕಾದ್ದನ್ನು ಹೇಳಿದೆ. ಆತ ಚಪ್ಪಲಿ ಬಿಟ್ಟು, ಆ ಪಟ್ಟಿಗಿಳಿದು, ಕಳೆ ಕೀಳತೊಡಗಿದ.